ದೀಪ ದೊಡ್ಡದು ಮಾಡುವುದು

ನಮ್ಮ ತಾಯಿ ದೀಪವನ್ನು ‘ಆರಿಸು’ ಎಂದು ಹೇಳಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ದೇವರ ಮನೆಯ ಎಣ್ಣೆಯ ದೀಪವಾಗಲಿ, ನಡುಮನೆಯ ಎಲೆಕ್ಟ್ರಿಕ್ ದೀಪವಾಗಲಿ, ಅವರು ಹೇಳುವುದು ಒಂದೇ ಮಾತು: “ದೀಪ ದೊಡ್ಡದು ಮಾಡು.” ಚಿಕ್ಕಂದಿನಲ್ಲಿ, ಕರೆಂಟು ಹೋಗಿ ಲಾಟೀನು ಹಚ್ಚಿದ್ದ ಒಂದು ರಾತ್ರಿ, ಈ ಮಾತನ್ನು ಅಕ್ಷರಶಃ ತೆಗೆದುಕೊಂಡು ನಾನು ಬತ್ತಿಯನ್ನು ಏರಿಸಿ ಗಾಜಿಗೆಲ್ಲ ಮಸಿ ಹಿಡಿಸಿದ್ದುಂಟು. ಹೊರಟವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೂ ಇದೇ ಜಾತಿಯ ಮಾತು. ಅಮಂಗಳವನ್ನು ನಾಲಗೆಯ ಮೇಲೆ ತರಬಾರದೆಂಬ ಹಿಂಜರಿಕೆಯಿಂದ ಹುಟ್ಟಿದ ನುಡಿ ಇದು. ತರಗತಿಯಲ್ಲಿ ಸೌಮ್ಯೋಕ್ತಿಗೆ ಉದಾಹರಣೆಯಾಗಿ ಇದನ್ನು ಎಷ್ಟೋ ಸಲ ಕೊಟ್ಟಿದ್ದೇನೆ. ಆದರೆ ಇದರಲ್ಲಿ ಉದಾಹರಣೆಗಿಂತ ಹೆಚ್ಚಿನದೇನೋ ಇರಬಹುದೆಂದು ನನಗೆ ತೋರಿದ್ದು ಈಚೆಗೆ. ತೋರಿಸಿಕೊಟ್ಟವರು ಇಬ್ಬರು: ಮೊದಲು ನನ್ನ ಮಗ, ಆಮೇಲೆ ನನ್ನ ತಾಯಿ.

ದೀಪ ಆರಿಸುವ ವಿಷಯದಲ್ಲಿ ನಾನು ಮನೆಯಲ್ಲಿ ಸ್ವಲ್ಪ ಕುಖ್ಯಾತನೆಂದೇ ಹೇಳಬೇಕು. ನಮ್ಮ ತಂದೆಯ ಕಾಲದಲ್ಲಿ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಓದುವವರು, ಹೊಲಿಯುವವರು, ಅಕ್ಕಿ ಆರಿಸುವವರು ಎಲ್ಲರೂ ಅಲ್ಲಿಗೇ ಬಂದು ಕೂಡಬೇಕೆಂಬ ಕಟ್ಟಳೆಯಿತ್ತು. ಆ ಕಟ್ಟಳೆಯಲ್ಲಿ ಬೆಳೆದವನಾದ್ದರಿಂದ ಜನರಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನನಗೆ ನೀರಿನ ನಲ್ಲಿ ತೆರೆದಿಟ್ಟ ಹಾಗೆ ಸಂಕಟವಾಗುತ್ತದೆ. ರಾತ್ರಿ ನಾನು ಕೋಣೆಯಿಂದ ಕೋಣೆಗೆ ಸ್ವಿಚ್ಚುಗಳನ್ನು ಒತ್ತುತ್ತ ಬರುವುದನ್ನು ಕಂಡು ನನ್ನ ಹೆಂಡತಿ, “ಪೂಜಾರಿಗಳು ಗುಡಿಯ ಬಾಗಿಲು ಹಾಕುವುದಕ್ಕೆ ಬಂದರು” ಎಂದು ನಗುವುದುಂಟು. ನಗಲಿ. ನಾನು ಮಾಡುತ್ತಿರುವುದು ಒಳ್ಳೆಯ ಕೆಲಸವೆಂಬ ವಿಷಯದಲ್ಲಿ ನನಗೆ ಸಂದೇಹವಿರಲಿಲ್ಲ.

ಸಂದೇಹ ಬಂದದ್ದು 2023ರ ಆಗಸ್ಟಿನಲ್ಲಿ. ಆ ತಿಂಗಳು ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. ಆಗ ಇಟ್ಟ ಲೆಕ್ಕ ಹೀಗೆ: ಒಂದು ಮನೆ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ಟು ಬಳಸಿತ್ತೋ ಅದಕ್ಕೆ ಶೇಕಡ 10ನ್ನು ಕೂಡಿಸಿ, 200 ಯೂನಿಟ್ಟಿನ ಮಿತಿಯೊಳಗೆ ಅಷ್ಟನ್ನೂ ಉಚಿತವಾಗಿ ಕೊಡುವುದು. ಮೀಟರು ನೋಡುವವನು ಬಂದು ಕೊಟ್ಟುಹೋದ ಚೀಟಿಯಲ್ಲಿ ಕಟ್ಟಬೇಕಾದ ಹಣ ಸೊನ್ನೆ ಎಂದು ಅಚ್ಚಾಗಿತ್ತು. ಆ ರಾತ್ರಿ ನಾನು ಎಂದಿನಂತೆ ಪಡಸಾಲೆಯ ದೀಪ ಆರಿಸಲು ಹೋದಾಗ ಮಗ ಕೇಳಿದ:

“ಅಪ್ಪಾ, ಬಿಲ್ಲು ಸೊನ್ನೆ. ಈಗ ಯಾರಿಗೋಸ್ಕರ ಆರಿಸ್ತೀರಿ?”

ಪಿ.ಯು. ಓದುವ ಹುಡುಗ, ಕೇಳುವುದರಲ್ಲಿ ಕುಚೋದ್ಯವಿರಲಿಲ್ಲ. ನಾನು “ಅಭ್ಯಾಸ” ಎಂದೆ. ಅವನು ಬಿಡಲಿಲ್ಲ. “ನೋಡಿ, ನಮ್ಮ ಸರಾಸರಿ 80. ನಮಗೆ ಸಿಕ್ಕಿದ್ದು 88. ಪಕ್ಕದ ಮನೆಯವರದು 170; ಅವರಿಗೆ 187. ನೀವು ಇಷ್ಟು ವರ್ಷ ಆರಿಸಿ ಆರಿಸಿ ನಮಗೆ ನಷ್ಟವೇ ಮಾಡಿದಿರಲ್ಲ!” ಎಂದ. ಲೆಕ್ಕ ಸರಿಯಾಗಿತ್ತು. ಮಿತವಾಗಿ ಬಳಸಿದವನಿಗೆ ಮಿತವಾದ ಉಡುಗೊರೆ, ಧಾರಾಳವಾಗಿ ಬಳಸಿದವನಿಗೆ ಧಾರಾಳವಾದ ಉಡುಗೊರೆ. ನಾನು ದೀಪ ಆರಿಸಿದೆನೇನೋ ನಿಜ; ಉತ್ತರ ಹೇಳಲಾರದೆ ಹೋಗಿ ಮಲಗಿದೆ.

ಯೋಜನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಿಲ್ಲು ಕಟ್ಟಲಾರದೆ ಕತ್ತಲಲ್ಲಿ ಕುಳಿತ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಮಗುವಿಗೆ ಓದುವುದಕ್ಕೆ ಒಂದು ದೀಪ ನಿಶ್ಚಿಂತೆಯಾಗಿ ಉರಿಯುವುದಾದರೆ ಅದು ಸಣ್ಣ ಪುಣ್ಯವಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಹಣ ಉಳಿಯುತ್ತದೆಂದು ನಾನು ದೀಪ ಆರಿಸುತ್ತಿದ್ದುದಾದರೆ, ಹಣದ ಪ್ರಶ್ನೆ ಹೋದೊಡನೆ ಕಾರಣವೂ ಹೋಯಿತು. ಹಾಗಾದರೆ ಇಷ್ಟು ವರ್ಷ ನಾನು ಸದಾಚಾರವೆಂದು ಬಗೆದದ್ದು ಬರಿಯ ಗಿರಾಕಿಯ ಜಾಣತನವೆ? ಮಿತಬಳಕೆ ಎಂಬ ಗುಣಕ್ಕೆ ಬೆಲೆಯ ಚೀಟಿಯ ಹೊರಗೆ ಎಲ್ಲಿಯಾದರೂ ನೆಲೆ ಉಂಟೆ?

ಚಾಣಕ್ಯನ ಎರಡು ದೀಪಗಳ ಕಥೆಯನ್ನು ಎಲ್ಲರೂ ಕೇಳಿರುತ್ತೀರಿ. ಅವನು ರಾಜ್ಯದ ಕೆಲಸ ಮಾಡುವಾಗ ಒಂದು ದೀಪ ಹಚ್ಚಿಕೊಳ್ಳುತ್ತಿದ್ದನಂತೆ. ಬಂದ ಅತಿಥಿಯೊಡನೆ ಸ್ವಂತ ಮಾತಿಗೆ ಕುಳಿತಾಗ ಅದನ್ನು ನಂದಿಸಿ ಇನ್ನೊಂದನ್ನು ಹಚ್ಚಿದನಂತೆ. ಮೊದಲನೆಯದರ ಎಣ್ಣೆ ಬೊಕ್ಕಸದ್ದು, ಎರಡನೆಯದರ ಎಣ್ಣೆ ಅವನದು. ನಡೆದದ್ದೋ ಕಟ್ಟಿದ್ದೋ, ಕಥೆಯ ತಿರುಳು ಗಟ್ಟಿಯಾದದ್ದು. ಅದನ್ನು ನಮ್ಮ ಮನೆಗೆ ಅನ್ವಯಿಸಿ ನೋಡಿದರೆ ಮಗನ ಪ್ರಶ್ನೆ ತಲೆಕೆಳಗಾಗುತ್ತದೆ. ಬಿಲ್ಲು ಕಟ್ಟುತ್ತಿದ್ದಾಗ ಉರಿಯುತ್ತಿದ್ದುದು ನನ್ನ ಎಣ್ಣೆ. ಬಿಲ್ಲು ಸೊನ್ನೆಯಾದ ಮೇಲೆ ನನ್ನ ಮನೆಯ ದೀಪಗಳೆಲ್ಲ ಬೊಕ್ಕಸದ ಎಣ್ಣೆಯಿಂದಲೇ ಉರಿಯತೊಡಗಿದವು. ಸರ್ಕಾರ ಆ ಹಣವನ್ನು ವಿದ್ಯುತ್ ಕಂಪನಿಗಳಿಗೆ ಕಟ್ಟಿಕೊಡುತ್ತದೆ; ಸರ್ಕಾರದ ಹಣವೆಂದರೆ ಬೆಂಕಿಪೊಟ್ಟಣ ಕೊಳ್ಳುವವನೂ ತೆರಿಗೆಯಾಗಿ ತೆತ್ತ ಹಣ. ಆರಿಸುವುದಕ್ಕೆ ಕಾರಣ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಆದರೂ ಇದು ಹಣದ ಮಾತೇ. ಹಣವನ್ನು ತೆಗೆದುಹಾಕಿದ ಮೇಲೆ ಉಳಿಯುವ ವಸ್ತು ಯಾವುದು? ಒಂದು ಯೂನಿಟ್ಟು ಎಂದರೆ ಏನು?

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ಟು ಎಂಬುದು ಪುಸ್ತಕದ ಉತ್ತರ. ಅದರಿಂದ ಮನಸ್ಸಿಗೆ ಏನೂ ಕಾಣುವುದಿಲ್ಲ. ಭೌತಶಾಸ್ತ್ರದ ಮೇಷ್ಟರಾದ ಸ್ನೇಹಿತರೊಬ್ಬರನ್ನು ಕಾಡಿ ನಾನು ಬೇರೆ ಲೆಕ್ಕ ಹಾಕಿಸಿದೆ. ಜೋಗದ ಎತ್ತರ 253 ಮೀಟರು. ಅಷ್ಟು ಎತ್ತರದಿಂದ ಸುಮಾರು 1450 ಲೀಟರು ನೀರು ಕೆಳಕ್ಕೆ ಬಿದ್ದರೆ, ದಾರಿಯಲ್ಲಿ ಒಂದಿಷ್ಟೂ ಸೋರಿಹೋಗದಿದ್ದರೆ, ಅದರ ಬಲ ಒಂದು ಯೂನಿಟ್ಟು. ಇನ್ನೊಂದು ಲೆಕ್ಕ ಇನ್ನೂ ಹತ್ತಿರದ್ದು. 10 ಮೀಟರು ಆಳದ ಬಾವಿಯಿಂದ 15 ಲೀಟರು ಹಿಡಿಯುವ ಕೊಡದಲ್ಲಿ ನೀರು ಸೇದುವುದಾದರೆ, ಒಂದು ಯೂನಿಟ್ಟಿನ ಕೆಲಸವಾಗಬೇಕಾದರೆ ಸುಮಾರು 2400 ಕೊಡ ಸೇದಬೇಕು. ನಮ್ಮ ಅಜ್ಜಿ ಹಿತ್ತಿಲ ಬಾವಿಯಿಂದ ದಿನಕ್ಕೆ ಮೂವತ್ತು ನಲವತ್ತು ಕೊಡ ಸೇದುತ್ತಿದ್ದರು. ಅವರ ಅಂಗೈಯ ಗಂಟುಗಳು ನನಗೆ ನೆನಪಿವೆ. ಅವರ ಎರಡು ತಿಂಗಳ ರಟ್ಟೆಯ ಬಲವನ್ನು ನಮ್ಮ ಬಚ್ಚಲುಮನೆಯ ಎರಡು ಸಾವಿರ ವ್ಯಾಟಿನ ಗೀಸರು ಅರ್ಧ ಗಂಟೆಯಲ್ಲಿ ನುಂಗುತ್ತದೆ. ಸದ್ದಿಲ್ಲದೆ ನುಂಗುತ್ತದೆ ಎಂಬುದೇ ತೊಡಕು. ಅಜ್ಜಿ ಸೇದುವಾಗ ರಾಟೆ ಕಿರುಗುಟ್ಟುತ್ತಿತ್ತು. ಮನೆಯವರಿಗೆ ಶ್ರಮ ಕೇಳಿಸುತ್ತಿತ್ತು. ಕೇಳಿಸದ ಶ್ರಮಕ್ಕೆ ಕೃತಜ್ಞತೆ ಹುಟ್ಟುವುದು ಕಷ್ಟ.

ಈ ಕೇಳಿಸದ ಶ್ರಮ ಎಲ್ಲಿಂದ ಬರುತ್ತದೆ ಎಂದು ಹಿಂದೆ ಹೋಗಿ ನೋಡಿದರೆ ನಮ್ಮ ನಾಡಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಬಲವನ್ನು ಹಿಡಿದು ತಂತಿಯ ಮೇಲೆ ಕಳಿಸಿದಾಗ ಅದು ಮೊದಲು ಹೋದದ್ದು ಯಾರ ಮನೆಗೂ ಅಲ್ಲ. ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಎಲೆಕ್ಟ್ರಿಕ್ ದೀಪ ಬಂದದ್ದು 1905ರಲ್ಲಿ. ಆ ಮೇಲೆ ಬೇಡಿಕೆ ಬೆಳೆಯಿತು, ಅಣೆಕಟ್ಟುಗಳೂ ಬೆಳೆದವು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕ ನೆಲ ನೀರಾಯಿತು: ಗದ್ದೆ, ಅಡಕೆಯ ತೋಟ, ಮನೆ, ದೇವಸ್ಥಾನ, ಕಾಡು. ಅದಕ್ಕೆ ಹಿಂದೆ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟು ಕೂಡ ಅದರ ಹೊಟ್ಟೆಯೊಳಗೆ ಹೋಯಿತು. ಅಲ್ಲಿಯ ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿ ಕಾಡಂಚಿನ ನೆಲದಲ್ಲಿ ಹೊಸ ಬಾಳು ಹೂಡಿದರು. ಆ ನೆಲದ ಹಕ್ಕುಪತ್ರದ ತಕರಾರು ಅವರ ಮೊಮ್ಮಕ್ಕಳ ಕಾಲಕ್ಕೂ ಬಂದಿತು. ಹಿನ್ನೀರಿನ ಆಚೆಗೆ ಉಳಿದ ತುಮರಿಯ ಕಡೆಯವರಿಗೆ ಸಾಗರದ ದಾರಿಯೇ ಮುಳುಗಿಹೋಯಿತು. ಬಸುರಿಯಾಗಲಿ, ರೋಗಿಯಾಗಲಿ, ಪರೀಕ್ಷೆಗೆ ಹೊರಟ ಹುಡುಗನಾಗಲಿ ಲಾಂಚಿಗಾಗಿ ಕಾಯಬೇಕಾಯಿತು. ಆ ನೀರಿನ ಮೇಲೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಮಗೆ ಬೆಳಕು ಬರಲೆಂದು ದಾರಿ ಕಳೆದುಕೊಂಡವರು ಆ ದಾರಿಯನ್ನು ಮರಳಿ ಪಡೆಯಲು ಅರವತ್ತು ವರ್ಷ ಕಾದರು.

ನದಿಯ ಮಾತು ಹೀಗಾದರೆ ಬೆಂಕಿಯ ಮಾತು ಬೇರೆಯಲ್ಲ. 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಬೂದಿ. ಬೆಳಕು ಬೆಂಗಳೂರಿಗೆ ಬರುತ್ತದೆ, ಬೂದಿ ಅಲ್ಲಿಯೇ ಉಳಿಯುತ್ತದೆ. ಈಗ ಬಿಸಿಲಿನಿಂದಲೂ ವಿದ್ಯುತ್ತು ತೆಗೆಯುತ್ತಾರೆ, ಅದಕ್ಕೆ ಯಾರ ಹಂಗು ಎಂದು ಕೇಳಬಹುದು. ಅದು ಎಷ್ಟೋ ಮೇಲು. ಆದರೆ ಪಾವಗಡದ ಸೌರ ಸ್ಥಾವರಕ್ಕೂ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲ ಬೇಕಾಯಿತು. ಅಲ್ಲದೆ ನಾವು ದೀಪ ಹಚ್ಚುವುದು ಸೂರ್ಯ ಮುಳುಗಿದ ಮೇಲೆ.

ಇಷ್ಟನ್ನೂ ನಾನು ಮಗನಿಗೆ ಒಂದು ಭಾನುವಾರ ವಿಸ್ತಾರವಾಗಿ ಹೇಳಿದೆ. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಹೇಳುತ್ತಿದ್ದರು. ಹುಟ್ಟಿದವನು ತಾನು ಮಾಡದ ಸಾಲಗಳನ್ನೂ ಹೊತ್ತೇ ಹುಟ್ಟುತ್ತಾನೆ ಎಂಬುದು ಅದರ ಅರ್ಥ. ಸ್ವಿಚ್ಚು ಒತ್ತುವುದೂ ಅಂಥ ಒಂದು ಸಾಲ. ಅದರ ಅಸಲನ್ನು ನಾವು ತೀರಿಸಲಾರೆವು. ತುಮರಿಯವರ ಅರವತ್ತು ವರ್ಷವನ್ನು ಯಾರು ಹಿಂದಕ್ಕೆ ಕೊಡಬಲ್ಲರು? ಆದರೆ ಸಾಲವನ್ನು ಬೇಕಿಲ್ಲದೆ ಬೆಳೆಸದಿರುವುದು ನಮ್ಮ ಕೈಯಲ್ಲಿದೆ. “ನೀನು ಕೇಳಿದೆಯಲ್ಲ, ಯಾರಿಗೋಸ್ಕರ ಅಂತ, ಅವರಿಗೋಸ್ಕರ” ಎಂದೆ. ಮಗ ತಾಳ್ಮೆಯಿಂದ ಕೇಳಿ “ಸರಿ ಅಪ್ಪ” ಎಂದ. ಅಂದಿನಿಂದ ಅವನೂ ತನ್ನ ಕೋಣೆಯ ದೀಪವನ್ನು ಆರಿಸಿಯೇ ಹೊರಗೆ ಬರುತ್ತಿದ್ದ. ನನಗೆ ಗೆದ್ದ ಸಂತೋಷ. ಈ ಲೇಖನ ಇಲ್ಲಿಗೆ ಮುಗಿದಿದ್ದರೆ ನನಗೆ ಹಿತವಾಗಿತ್ತು.

ಮುಂದಿನ ಮಳೆಗಾಲದ ಒಂದು ರಾತ್ರಿ ನಮ್ಮ ತಾಯಿ ಬಚ್ಚಲುಮನೆಗೆ ಹೋಗಲು ಎದ್ದವರು ನಡುಮನೆಯಿಂದ ಇಳಿಯುವ ಮೆಟ್ಟಿಲಿನಲ್ಲಿ ಕಾಲು ತಪ್ಪಿ ಬಿದ್ದರು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆ ಜಾಗದಲ್ಲಿ ಐದು ವ್ಯಾಟಿನ ಒಂದು ಸಣ್ಣ ದೀಪವಿತ್ತು. ಹಿಂದೆ ಅದು ರಾತ್ರಿಯೆಲ್ಲ ಉರಿಯುತ್ತಿದ್ದುದನ್ನು ಕಂಡು, ಮಲಗಿದ ಮನೆಯಲ್ಲಿ ದೀಪವೇಕೆ ಎಂದು ನಾನೇ ಅದನ್ನು ನಿತ್ಯವೂ ಆರಿಸುವ ಪದ್ಧತಿ ಮಾಡಿದ್ದೆ. ಬೇಕಾದವರು ಎದ್ದು ಹಾಕಿಕೊಳ್ಳಬಹುದಲ್ಲ ಎಂಬುದು ನನ್ನ ನ್ಯಾಯ. ಕೈಗೆ ಪಟ್ಟು ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ನಾನು, “ಅಮ್ಮ, ಸ್ವಿಚ್ಚು ಗೋಡೆಯ ಮೇಲೇ ಇತ್ತಲ್ಲ, ನೀನು ದೀಪ ಹಾಕಿಕೊಳ್ಳಬಾರದಾಗಿತ್ತೆ?” ಎಂದು ಕೇಳಿದೆ.

“ಹಾಕಿದರೆ ನಿನಗೆ ಬೇಜಾರಾಗುತ್ತೆ ಅಂತ ಹಾಕಲಿಲ್ಲ ಕಣೋ” ಎಂದರು.

ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಬಯ್ದಿದ್ದರೆ ಮೇಲಾಗಿತ್ತು. ಎಷ್ಟು ರಾತ್ರಿಗಳು ಅವರು ಗೋಡೆಯನ್ನು ತಡವುತ್ತ ಆ ಮೆಟ್ಟಿಲನ್ನು ಇಳಿದಿದ್ದರೋ ನಾನು ಕೇಳಲಿಲ್ಲ. ಆ ರಾತ್ರಿ ಕಾಗದ ಪೆನ್ಸಿಲು ತೆಗೆದುಕೊಂಡು ನಾನು ಲೆಕ್ಕಕ್ಕೆ ಕುಳಿತೆ. ಐದು ವ್ಯಾಟಿನ ದೀಪ ರಾತ್ರಿಗೆ ಎಂಟು ಗಂಟೆಯಂತೆ ತಿಂಗಳೆಲ್ಲ ಉರಿದರೆ 1.2 ಯೂನಿಟ್ಟು. ನನ್ನ ಗೀಸರು ಅಷ್ಟನ್ನು ಮೂವತ್ತಾರು ನಿಮಿಷದಲ್ಲಿ ಮುಗಿಸುತ್ತದೆ. ಬೆಳಗ್ಗೆ ಎದ್ದೊಡನೆ ಗೀಸರಿನ ಸ್ವಿಚ್ಚು ಹಾಕಿ, ಪೇಪರು ಓದಿ, ಕಾಫಿ ಕುಡಿದು, ಅರ್ಧ ಗಂಟೆಯ ಮೇಲೆ ಸ್ನಾನಕ್ಕೆ ಹೋಗುವುದು ನನ್ನ ಪದ್ಧತಿ. ಆ ಪದ್ಧತಿಯನ್ನು ಯಾರೂ ಪ್ರಶ್ನಿಸಿರಲಿಲ್ಲ, ನಾನೂ ಪ್ರಶ್ನಿಸಿಕೊಂಡಿರಲಿಲ್ಲ. ನನ್ನ ಸುಖದ ಒಂದೆರಡು ಬೆಳಗಿಗೆ ಸಮನಾದದ್ದನ್ನು ಉಳಿಸುವುದಕ್ಕಾಗಿ ನಾನು ನನ್ನ ತಾಯಿಯನ್ನು ತಿಂಗಳೆಲ್ಲ ಕತ್ತಲಲ್ಲಿ ನಡೆಸಿದ್ದೆ.

ಶರಾವತಿಯ ವಿಷಯದಲ್ಲಿ ಮಗನ ಮುಂದೆ ನಾನು ಅಷ್ಟು ಮರುಗಿದ್ದೆನಷ್ಟೆ. ಅಲ್ಲಿ ನಡೆದದ್ದಾದರೂ ಏನು? ಹಲವರ ಹಿತವೆಂಬ ಒಳ್ಳೆಯ ಹೆಸರಿನಲ್ಲಿ, ಎದುರಾಡಲಾರದವರ ಮೇಲೆ ಹೊರೆ ಹಾಕಿದ್ದು. ನನ್ನ ಮನೆಯ ಮೆಟ್ಟಿಲಿನ ಹತ್ತಿರ ನಡೆದದ್ದೂ ಅದೇ. ಅಳತೆ ಸಣ್ಣದು, ಜಾತಿ ಒಂದೇ. ವ್ಯಯ ಮಾಡುವವನು ಮಾತ್ರ ತನ್ನ ಖರ್ಚನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಾನೆಂದು ನಾನು ತಿಳಿದಿದ್ದೆ. ಉಳಿಸುವವನೂ ಕಟ್ಟಬಲ್ಲ. ತನ್ನ ಸುಖದಲ್ಲಿ ಉಳಿಸುವುದು ಒಂದು, ಇನ್ನೊಬ್ಬರ ಅಗತ್ಯದಲ್ಲಿ ಉಳಿಸುವುದು ಇನ್ನೊಂದು. ಮೀಟರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅದು ಎರಡನ್ನೂ ಒಂದೇ ಅಂಕಿಯಲ್ಲಿ ತೋರಿಸುತ್ತದೆ. ಮನುಷ್ಯನಿಗೆ ತಿಳಿಯಬೇಕು. ಮೊದಲನೆಯದು ಸಂಯಮ, ಎರಡನೆಯದು, ಎಷ್ಟೇ ಆದರ್ಶದ ಬಟ್ಟೆ ತೊಡಿಸಿದರೂ, ಜಿಪುಣತನ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿಯವರು ಬಹಳ ಹಿಂದೆಯೇ ಒಂದು ಮಾತನ್ನು ಎತ್ತಿ ವಾದಿಸಿದ್ದರು. ಜನರಿಗೆ ಬೇಕಾದದ್ದು ಶಕ್ತಿಯಲ್ಲ, ಶಕ್ತಿಯಿಂದ ಆಗುವ ಕೆಲಸ: ಬೆಂದ ಅನ್ನ, ಬಿಸಿನೀರು, ಕಾಣುವಷ್ಟು ಬೆಳಕು. ಆದ್ದರಿಂದ ‘ಎಷ್ಟು ಉತ್ಪಾದಿಸಬೇಕು?’ ಎಂದು ಮೊದಲು ಕೇಳದೆ ‘ಯಾರಿಗೆ ಏನು ಆಗಬೇಕು?’ ಎಂದು ಕೇಳಬೇಕು ಎಂಬುದು ಅವರ ವಾದದ ತಿರುಳು. ರಾಜ್ಯದ ವಿದ್ಯುತ್ ಯೋಜನೆಯನ್ನು ಕುರಿತು ಅವರು ಕೇಳಿದ ಪ್ರಶ್ನೆಯನ್ನು ನಾನು ನನ್ನ ಮನೆಗೇ ಕೇಳಿದೆ. ತಾಯಿಗೆ ಆಗಬೇಕಾದದ್ದು ಮೆಟ್ಟಿಲು ಕಾಣುವಷ್ಟು ಬೆಳಕು. ನನಗೆ ಆಗಬೇಕಾದದ್ದು ಒಂದು ಬಕೆಟ್ಟು ಬಿಸಿನೀರು, ಅದಕ್ಕೆ ಸುಮಾರು ಅರ್ಧ ಯೂನಿಟ್ಟು ಸಾಕು. ಉಳಿದದ್ದು ನನ್ನ ಪೇಪರು ಓದುವ ಹೊತ್ತಿನ ದಂಡ.

ಹೊಸ ಉಪಕರಣಗಳು ಬಂದರೆ ಇದೆಲ್ಲ ತಾನಾಗಿ ಸರಿಹೋಗುವುದೆಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. ಹಿಂದಿನ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ ಒಂಬತ್ತು ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ನಿಜವಾಗಿ ದೊಡ್ಡ ಉಪಕಾರ. ಆದರೆ ನಮ್ಮ ಹಳೆಯ ಮನೆಯಲ್ಲಿ ಇದ್ದದ್ದು ಐದು ಬಲ್ಬು, ಈಗಿನ ಮನೆಯಲ್ಲಿ ಹತ್ತೊಂಬತ್ತು ದೀಪ. ಒಂದು ಗೋಡೆಯ ಪಟವನ್ನು ಬೆಳಗಿಸುವುದಕ್ಕೇ ಇದೆ. 1865ರಲ್ಲಿಯೇ ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ, ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡುವಂತಾದಷ್ಟೂ ದೇಶದ ಕಲ್ಲಿದ್ದಲಿನ ಖರ್ಚು ಏರುತ್ತದೆ ಎಂದು ಎಚ್ಚರಿಸಿದ್ದ. ಅಗ್ಗವಾದದ್ದನ್ನು ನಾವು ಹೆಚ್ಚಾಗಿ ಬಳಸುತ್ತೇವೆ, ಉಚಿತವಾದದ್ದನ್ನು ಇನ್ನೂ ಹೆಚ್ಚಾಗಿ. ಯಂತ್ರ ಮಿತವ್ಯಯಿಯಾದರೆ ಸಾಲದು. ಯಂತ್ರದ ಯಜಮಾನನಿಗೆ ‘ಸಾಕು’ ಎಂಬ ಎರಡಕ್ಷರ ಬರಬೇಕು. ಆ ಎರಡಕ್ಷರವನ್ನು ಹೆಂಡತಿಗೆ, ಮಗನಿಗೆ, ತಾಯಿಗೆ ಹೇಳುವುದಕ್ಕೆ ಮೊದಲು ತನಗೆ ಹೇಳಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟವಾದ ಉಚ್ಚಾರಣೆ ಅದು.

ಈಗ ನಮ್ಮ ಮನೆಯಲ್ಲಿ ಆದ ಮಾರ್ಪಾಡು ದೊಡ್ಡದೇನಲ್ಲ. ಗೀಸರಿನ ಸ್ವಿಚ್ಚು ಹಾಕುವುದು ಸ್ನಾನಕ್ಕೆ ಹತ್ತು ಹದಿನೈದು ನಿಮಿಷ ಮೊದಲು; ಬಕೆಟ್ಟು ತುಂಬಿದೊಡನೆ ಆರಿಸುತ್ತೇನೆ. ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಈಚೆಗೆ ಎಳೆದಿದ್ದೇವೆ, ಅದರ ಬೆನ್ನಿಗೆ ಗಾಳಿಯಾಡಲಿ ಎಂದು. ಪಟದ ದೀಪವನ್ನು ತೆಗೆದುಹಾಕಿದೆ, ಪಟಕ್ಕೆ ಬೇಸರವಾದಂತಿಲ್ಲ. ಮೆಟ್ಟಿಲಿನ ಐದು ವ್ಯಾಟಿನ ದೀಪ ಮಾತ್ರ ರಾತ್ರಿಯೆಲ್ಲ ಉರಿಯುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಎಷ್ಟು ಯೂನಿಟ್ಟು ಉಳಿಯಿತೆಂದು ಮಗ ಲೆಕ್ಕವಿಡುತ್ತಾನೆ. ಉಳಿದದ್ದಕ್ಕೆ ಯಾರೂ ಹಣ ಕೊಡುವುದಿಲ್ಲ. ಅಷ್ಟರ ಮಟ್ಟಿಗೆ ಈಗ ಅದು ಗಿರಾಕಿಯ ಜಾಣತನವಲ್ಲವೆಂಬ ಸಮಾಧಾನವಿದೆ.

ಮೊನ್ನೆ ರಾತ್ರಿ ಎಂದಿನಂತೆ ಪೂಜಾರಿಯ ಸುತ್ತು ಮುಗಿಸಿ ಬರುತ್ತಿದ್ದೆ. ತಾಯಿ ಮಂಚದ ಮೇಲೆ ಕುಳಿತಿದ್ದರು. ಮುರಿದ ಕೈ ಕೂಡಿಕೊಂಡಿದೆ. ಆದರೆ ಕೊಡ ಎತ್ತುವ ಬಲ ಮರಳಿಲ್ಲ. “ನಡುಮನೆ ದೀಪ ದೊಡ್ಡದು ಮಾಡಿದೆಯಾ?” ಎಂದು ಕೇಳಿದರು. “ಮಾಡಿದೆ, ಅಮ್ಮ” ಎಂದೆ. “ಮೆಟ್ಟಿಲಿಂದು?” ಎಂದರು, ಸ್ವಲ್ಪ ಅನುಮಾನದಿಂದ.

“ಅದು ಇರಲಿ” ಎಂದೆ.